ಕಾರಣದ ಖಾನೆ

ಶಹಾಬಾದಿನ ಪರಸಿ ಖಣಿಯಲ್ಲಿ ನಾನು ಹಾಜರಿ ಬರೆಯುತ್ತೇನೆ.
ಬಂದವರಿಗೆ ಒಂದು ಗೀಟು, ಬಾರದವರಿಗೆ ಸೊನ್ನೆ.
ಸೊನ್ನೆಯ ಪಕ್ಕ ಇನ್ನೊಂದು ಖಾನೆ,
ತಲೆಯ ಮೇಲೆ ‘ಕಾರಣ’ ಎಂದು ಅಚ್ಚಾಗಿದೆ.
ಹನ್ನೊಂದು ವರ್ಷದಿಂದ ಅದು ಬಿಳಿ.
“ಕಾರಣ ಬರೆದರ ಶಾಯಿ ಹಾಳು” ಅಂತಾನೆ ಸೇಠ,
“ಪಗಾರ ಹ್ಯಾಂಗೂ ಕಟ್ ಆಗ್ತದ.”

ರದ್ದಿಯವನ ಗೋಣಿಯಿಂದ ಐದು ರೂಪಾಯಿಗೆ ತಂದೆ
ರಟ್ಟು ಹೋದ, ಮೊದಲ ನಲವತ್ತು ಪುಟವಿಲ್ಲದ ಪುಸ್ತಕ.
ನಲವತ್ತೊಂದರ ಹೊತ್ತಿಗೆ ಪಿರಮಿಡ್ಡು ಕಟ್ಟಿ ಮುಗಿದಿತ್ತು.
ಒಳಗೆ ದೊರೆ, ಉಪ್ಪಿನಲ್ಲಿ ಒಣಗಿ, ನಾರುಬಟ್ಟೆ ಸುತ್ತಿಕೊಂಡು.
ಮಿದುಳನ್ನು ಮೂಗಿನಿಂದ ಎಳೆದು ಚೆಲ್ಲಿದ್ದರು,
ಗುಂಡಿಗೆ ಮಾತ್ರ ಇದ್ದಲ್ಲೇ ಬಿಟ್ಟಿದ್ದರು:
ಅಲ್ಲಿ ಅದನ್ನು ಒಂದು ಗರಿಯ ಎದುರು ತೂಗುತ್ತಾರಂತೆ.

ನಾವು ಅಪ್ಪನನ್ನು ಕೂಡಿಸಿ ಹುಗಿದೆವು.
ವಿಭೂತಿ ಗಟ್ಟಿ, ಅರ್ಧ ಮೂಟೆ ಉಪ್ಪು, ಅಂಗೈಯಲ್ಲಿ ಲಿಂಗ.
ಪದರು ಬಿಡಿಸುವಾಗ ಕೂಡುತ್ತಿದ್ದ ಹಾಗೇ ಕೂತ,
ಉಳಿಯೊಂದು ಇರಲಿಲ್ಲ.
ತೂಗಿದರೋ ಇಲ್ಲವೋ.
ನಮಗೆ ಚೀಟಿ ಬರಲಿಲ್ಲ.

ಬುತ್ತಿ ಬಿಚ್ಚುವ ಹೊತ್ತು, ಅಟ್ಟಿಯ ನೆರಳಲ್ಲಿ, ಓದಿ ಹೇಳಿದೆ.
ಇಪ್ಪತ್ತಮೂರು ಲಕ್ಷ ಕಲ್ಲು ಅಂದಾಗ ಮೌಲಾಲಿ ನಕ್ಕ:
“ಎಷ್ಟು ಬ್ರಾಸ್ ಆಗ್ತದ್ರಿ?”
ಸತ್ತ ದೊರೆ ಸೂರ್ಯನ ದೋಣಿ ಹತ್ತುತ್ತಾನೆ ಅಂದಾಗ
ಸಾಬವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.
“ಹತ್ತಲಿ. ಕಲ್ಲ ಎಳದವರಿಗಿ ಜಾಗ ಇತ್ತೇನು ಅದರಾಗ?”
ಪುಟ ಮಗುಚಿದೆ, ಇನ್ನೊಂದು ಮಗುಚಿದೆ.
ರೊಟ್ಟಿ ಕೊಡುತ್ತಿದ್ದರು ಅಂತ ಇತ್ತು,
ಉಳ್ಳಾಗಡ್ಡಿ, ದಿನಾ ಗಡಿಗೆಯಲ್ಲಿ ಹೆಂಡ.
“ನಮಗಿಂತ ವಾಸಿ” ಅಂದ ಸೈದಪ್ಪ,
ಒಣ ತುಟಿ ಒರೆಸಿಕೊಂಡು.

ಕೊನೆಯ ಹರಕು ಹಾಳೆಯಲ್ಲಿ ಅವನು ಸಿಕ್ಕ.
ಪಿರಮಿಡ್ಡುಗಳ ಕಾಲ ಮುಗಿದು ಎಷ್ಟೋ ತಲೆಮಾರಿನ ಮೇಲೆ
ಗುಡ್ಡ ಕೊರೆದು ದೊರೆಗಳಿಗೆ ಗೋರಿ ಮಾಡುವ ಹಳ್ಳಿಯಲ್ಲಿ
ನನ್ನಂಥವನೇ ಒಬ್ಬ ಮುನಶಿ.
ಸುಣ್ಣಗಲ್ಲಿನ ಚಕ್ಕೆಯ ಮೇಲೆ ಕಪ್ಪಿನಲ್ಲಿ ದಿನ,
ಕೆಂಪಿನಲ್ಲಿ ಕಾರಣ:
ಚೇಳು ಕಚ್ಚಿತು.
ಕಣ್ಣುಬೇನೆ.
ಹೆಂಡ ಮಾಡುತ್ತಿದ್ದ.
ಮಗಳು ಮುಟ್ಟಾಗಿದ್ದಾಳೆ.
ತಾಯಿಯ ಹೆಣಕ್ಕೆ ಬಟ್ಟೆ ಸುತ್ತುತ್ತಿದ್ದ.

ಮೂರು ಸಾವಿರದ ಚಿಲ್ಲರೆ ವರ್ಷ.
ದೊರೆಯ ಗುಂಡಿಗೆ ಎಷ್ಟು ತೂಗಿತೋ ಯಾರಿಗೂ ಗೊತ್ತಿಲ್ಲ.
ಚೇಳು ಕಚ್ಚಿದ್ದು ಗೊತ್ತು.

ಸೋಮವಾರ ಮಗಳ ಕೆಂಪು ಪೆನ್ನು ಕಿಸೆಗೆ ಹಾಕಿಕೊಂಡೆ.
ಮೌಲಾಲಿ: ಮಗನ ಸುನ್ನತಿ.
ನಾಗಿಂದ್ರ: ಇಲ್ಲೂ ಚೇಳು, ಅಡಿಗಲ್ಲು ಎತ್ತುವಾಗ.
ಸೈದಪ್ಪ: ಸೇಂದಿ. (ಅವನೇ ಬರೆಯಿರಿ ಅಂದ.)
ಸಾಬವ್ವ: ರೇಶನ್ ಅಂಗಡಿ. ಮೂರು ದಿನದಿಂದ ಮಶೀನು
ಅವಳ ಹೆಬ್ಬೆಟ್ಟು ಒಪ್ಪುತ್ತಿಲ್ಲ.
ಪರಸಿ ಉಜ್ಜಿ ಉಜ್ಜಿ ಗೆರೆ ಅಳಿಸಿವೆ.

“ಯಾರು ಓದ್ತಾರಪ್ಪಾ ಇದನ್ನ?” ಸೇಠ ಬೈಯಲಿಲ್ಲ, ನಿಜಕ್ಕೂ ಕೇಳಿದ.
ಮೂರು ವರ್ಷಕ್ಕೊಮ್ಮೆ ಹಾಜರಿ ಪುಸ್ತಕ ರದ್ದಿಗೆ ಹೋಗುತ್ತದೆ,
ಅದೇ ಗೋಣಿಗೆ.

ಅದಕ್ಕೇ ನೆತ್ತಿಗೆ ಬಿಸಿಲೇರುವ ಮುಂಚೆ
ಎರಡಡಿ ಚೌಕದ ಒಂದು ಪರಸಿಯ ಬೆನ್ನಿಗೆ
ಕಾವಿಯಿಂದ ಎಲ್ಲ ನಕಲು ಮಾಡಿದೆ.
ನಯ ಮಾಡಿದ ಮೈ ಮೇಲಕ್ಕೆ, ಬರೆದದ್ದು ಮಣ್ಣಿಗೆ:
ಸೊಲ್ಲಾಪುರದ ಯಾವುದೋ ಕಲ್ಯಾಣ ಮಂಟಪದ ನೆಲಕ್ಕೆ.
ಮೇಲೆ ಮಂದಿ ಉಣ್ಣುತ್ತಾರೆ, ಕುಣಿಯುತ್ತಾರೆ.

ಲಾರಿ ಕಾಟಾ ಹತ್ತಿತ್ತು. ಸಾಬವ್ವ ಓಡಿ ಬಂದಳು.
“ಮುನಶೇರಿ, ನಮ್ಮವ್ವಂದೂ ಹಾಕ್ರಿ.”
ಯಾಕೆ ಬಂದಿರಲಿಲ್ಲ ನಿಮ್ಮವ್ವ?
“ಆಕಿ ಒಂದ ದಿನನೂ ಗೈರ ಆಗಿಲ್ರಿ. ಸಾಯೋ ದಿನಾನೂ ಬಂದಿದ್ಳು.”

ಕಾವಿ ಕೈಯಲ್ಲೇ ಇತ್ತು.
ಅದಕ್ಕೆ ಯಾವ ಖಾನೆ ಎಂದು ತಿಳಿಯದೆ ನಿಂತೆ.
ಲಾರಿಯವ ಹಾರ್ನ್ ಹೊಡೆಯುತ್ತಲೇ ಇದ್ದ.