ಹಗ್ಗದ ಮಾತು ಪ್ರಶ್ನೆಯಲ್ಲಿಲ್ಲ

ನೌಶೀರಾಳ ಪೂರಕ ಪರೀಕ್ಷೆಗೆ ಇನ್ನು ಹನ್ನೊಂದು ದಿನ.
ಸುಲ್ತಾನ್ ಬತ್ತೇರಿಯ ಜೆಟ್ಟಿಯಲ್ಲಿ ಕೂತು
ದೋಣಿ ತಣ್ಣೀರುಬಾವಿಯಿಂದ ಈಚೆ ಬರುವ ತನಕ
ನಾವಿಬ್ಬರೂ ಒಂದು ಲೆಕ್ಕ ಬಿಡಿಸುತ್ತೇವೆ.
ಒಂದೇ. ಹೊಳೆ ಅಷ್ಟೇ ಅಗಲ.

ನಿಂತ ದೋಣಿ, ದ್ರವ್ಯರಾಶಿ ನೂರೈವತ್ತು ಕಿಲೋ.
ಅದರಲ್ಲೊಬ್ಬಳು ಹುಡುಗಿ, ಐವತ್ತು.
ಸೆಕೆಂಡಿಗೆ ಮೂರು ಮೀಟರಿನಂತೆ ದಡಕ್ಕೆ ಹಾರುತ್ತಾಳೆ.
ದೋಣಿಯ ವೇಗವೆಷ್ಟು?
ನೀರಿನ ತಡೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

"ಹುಡುಗಿ ಯಾಕೆ ಹಾರುದು ಟೀಚರ್?"
ಅದು ಕೊಟ್ಟಿಲ್ಲ.
"ಹಲಗೆ ಇಟ್ಟಿಲ್ವಾ?"
ಅದೂ ಕೊಟ್ಟಿಲ್ಲ. ಬರಿ ಮಾರಾಯ್ತಿ.

ಬೀಡಿ ಬ್ರಾಂಚಿನ ಹಳೇ ಚೀಟಿ ಮಗುಚಿ
(ಒಂದು ಬದಿಯಲ್ಲಿ ಅಮ್ಮನ ವಾರದ ಎಲೆ, ತಂಬಾಕು,
ಕಳಪೆಯೆಂದು ಕಳೆದ ಕಟ್ಟು)
ಇನ್ನೊಂದು ಬದಿಯಲ್ಲಿ ಬರೆಯುತ್ತಾಳೆ:
ಮೊದಲು ಸೊನ್ನೆ. ಆದ್ದರಿಂದ ಆಮೇಲೂ ಸೊನ್ನೆ.
ಹೋದದ್ದನ್ನೂ ಉಳಿದದ್ದನ್ನೂ ಕೂಡಿಸಿದರೆ
ಸೊನ್ನೆಯೇ ಬರಬೇಕು.

ಉತ್ತರ ಒಂದು, ಅಂದಳು.
ಒಂದು ಎಂತ? ಒಂದು ಬಂಗುಡೆಯಾ?
ಒಂದು ಮೀಟರ್, ಸೆಕೆಂಡಿಗೆ.
ಎದುರಿಗೆ ಋಣ ಎಲ್ಲಿ?
ಋಣ ಮರೆತರೆ ದೋಣಿಯೂ ನಿನ್ನ ಬೆನ್ನಿಗೇ ದಡ ಹತ್ತಿ
ಬತ್ತೇರಿಯ ಮೆಟ್ಟಿಲವರೆಗೆ ಬರ್ತದೆ.
ನಕ್ಕಳು. ಗೆರೆ ಎಳೆದಳು, ಬೇಕಾದ್ದಕ್ಕಿಂತ ಉದ್ದ.

ದೂಮಣ್ಣನಿಗೆ ಲೆಕ್ಕ ಹೇಳಿದೆವು.
ಟಿಕೆಟಿನ ಚಿಲ್ಲರೆ ಎಣಿಸುತ್ತಾ ಕೇಳಿ
"ಹಗ್ಗ ಬಿಚ್ಚಿದ್ದು ಯಾರು?" ಅಂದ.
ಹಗ್ಗದ ಮಾತು ಪ್ರಶ್ನೆಯಲ್ಲಿಲ್ಲ ದೂಮಣ್ಣ.
"ಹಾಗಾದ್ರೆ ಪ್ರಶ್ನೆ ಮಾಡಿದವ ದೋಣಿಯಲ್ಲಿ ಕೂತವನಲ್ಲ."

ಆಚೆ ದಡ ಇನ್ನೂ ನಲವತ್ತು ಮಾರು ಇರುವಾಗಲೇ
ಎಂಜಿನ್ ನಿಲ್ಲಿಸುತ್ತಾನೆ, ದಿನಾ ಹೀಗೆಯೇ.
ಸದ್ದು ಹೋಗುತ್ತದೆ, ಓಟ ಹೋಗುವುದಿಲ್ಲ.
ಎರಡು ಸ್ಕೂಟರು, ಮೀನಿನ ಬುಟ್ಟಿಯ ಗಿರಿಜಕ್ಕ,
ಸೆಲ್ಫಿಯ ಹುಡುಗರು, ನಾವು,
ಯಾರೂ ದೂಡದೆ, ಯಾರೂ ಎಳೆಯದೆ
ಬರೇ ಬಂದ ವೇಗದಲ್ಲಿ ಹೋಗುತ್ತೇವೆ.
ಇಪ್ಪತ್ತೆರಡು ವರ್ಷ ಕಲಿಸಿದ ಮೊದಲ ನಿಯಮ
ಇಷ್ಟು ಮೆತ್ತಗಿರುತ್ತದೆಂದು
ಒಮ್ಮೆಯೂ ಕ್ಲಾಸಿನಲ್ಲಿ ಹೇಳಿದ್ದಿಲ್ಲ ನಾನು.

ಜೆಟ್ಟಿಗೆ ತೂಗಹಾಕಿದ ಲಾರಿಯ ಹಳೇ ಟೈರು.
ದೋಣಿ ಅದಕ್ಕೆ ಒರಗಿತು, ಒತ್ತಿತು, ನಿಂತಿತು.
ನೌಶೀರಾ ಅದನ್ನೇ ನೋಡುತ್ತಿದ್ದಳು,
ಚೀಟಿ ಕೈಯಲ್ಲಿ ಒದ್ದೆಯಾಗುವುದು ಗೊತ್ತಿಲ್ಲದೆ.
"ಟೀಚರ್, ಕಲ್ಲಿಗೆ ಬಡಿದಿದ್ರೂ ನಿಲ್ತಿತ್ತು.
ಕಳಕೊಳ್ಳುದು ಅಷ್ಟೇ.
ಟೈರು ಎಂತ ಮಾಡ್ತದೆ ಅಂದ್ರೆ
ನಿಲ್ಲಲಿಕ್ಕೆ ಸ್ವಲ್ಪ ಹೊತ್ತು ಕೊಡ್ತದೆ.
ಅದಕ್ಕೇ ಪೆಟ್ಟು ಕಮ್ಮಿ. ಅಲ್ವಾ?"

ಅದು ಮುಂದಿನ ಪಾಠ.
ನಾಳೆಗೆಂದು ಇಟ್ಟುಕೊಂಡಿದ್ದೆ.
ಹೌದು ಅನ್ನಲಿಕ್ಕೂ ಬಾಯಿ ಬರಲಿಲ್ಲ, ತಲೆ ಆಡಿಸಿದೆ.

ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಹಾರಿದಳು.
ದೋಣಿ ಒಂದು ಗೇಣು ಹಿಂದೆ ಸರಿಯಿತು.
ಹಗ್ಗ ಬಿಗಿಯಿತು.

ಇನ್ನು ನಾನು ಇಳಿಯಬೇಕು.
ಅರವತ್ತೆಂಟು ಕಿಲೋ. ಎಡ ಮಂಡಿಯಲ್ಲಿ ನೋವು.
ವೇಗ ಕೊಟ್ಟಿಲ್ಲ.