ಮೂರು, ಹತ್ತು, ಮೂವತ್ತು

ಉಪ್ಪಳದ ನಮ್ಮ ಶಾಲೆಯ ಲ್ಯಾಬಿನಲ್ಲಿ ಹದಿನಾಲ್ಕು ಯಂತ್ರ,
ಒಂಬತ್ತು ಏಳುತ್ತವೆ. ಎಲ್ಲದರಲ್ಲೂ ಲಿನಕ್ಸ್.
ಸರಕಾರ ಕೊಟ್ಟದ್ದು, ಪುಕ್ಕಟೆ. ಹಾಗಾಗಿ
ಯಾರಿಗೂ ಅದರ ಮೇಲೆ ಸಿಟ್ಟಿಲ್ಲ, ಅಕ್ಕರೆಯೂ ಇಲ್ಲ.

ಏಳನೇ ಕ್ಲಾಸಿನ ಅಂಕಪಟ್ಟಿ ಕಪ್ಪು ಪರದೆಗಿಳಿಯಿತು.
ಕಮಲ ನೆಟ್ಟಗೆ ನಿಂತಳು, ಜಯಕರನೂ ನಿಂತ.
ಪ್ರೆಸಿಲ್ಲಾಳ ಎಂಬತ್ತೊಂದು ಮಾತ್ರ
ಗಣಿತದ ಕಂಬ ಬಿಟ್ಟು ಎಡಕ್ಕೆ ಜಾರಿ
ಅವಳ ಹೆಸರಿನ ಬಾಲಕ್ಕೇ ಅಂಟಿಕೊಂಡಿತು.
"ಎಂತ ಟೀಚರ್, ನನ್ನದು ಮಾತ್ರ ಸೊಟ್ಟ?"

ಬೋರ್ಡಿನಲ್ಲಿ ಬರೆದು ತೋರಿಸಿದೆ:
ಪ್ರೆ, ಸಿ, ಲ್ಲಾ. ಕಣ್ಣಿಗೆ ಮೂರು.
ಒತ್ತು, ಗುಣಿತ, ಅಡಗಿದ ವಿರಾಮ ಬಿಡಿಸಿದರೆ ಹತ್ತು.
ಕಮಾಂಡು ಎಣಿಸುವುದು ಅದರ ಕೆಳಗಿನ ಬೈಟು, ಮೂವತ್ತು.
ನಿನ್ನ ಹೆಸರು ಬಹಳ ಉದ್ದ ಅಂತ ಅದು ತಿಳಿದಿದೆ ಮಗಾ,
ಜಾಗ ಬಿಡಲು ಹೋಗುವುದೇ ಇಲ್ಲ.

ಹೇಳದೆ ಉಳಿಸಿಕೊಂಡದ್ದು ಒಂದಿತ್ತು:
ಆ ಕಮಾಂಡಿನ ಯಜಮಾನಿ ಈಗ ನಾನೇ.

ಬರೆದವನು ಯಾನುಷ್ ಅಂತ, ಎಲ್ಲೋ ಹಿಮದ ಊರಿನವ.
ಕೈಪಿಡಿಯ ಎರಡು ಕಾಗುಣಿತ ತಿದ್ದಿ ಕಳಿಸಿದ್ದೆ ಅವನಿಗೆ,
ನನ್ನ ಅರ್ಹತೆ ಅಷ್ಟೇ.
"ಮೊಣಕಾಲು ನೋವು, ಮೊಮ್ಮಗಳು ಬಂದಿದ್ದಾಳೆ,
ಕೀಲಿ ನೀವಿಟ್ಟುಕೊಳ್ಳಿ" ಎಂದ, ಮತ್ತೆ ಬರೆಯಲಿಲ್ಲ.
ಇಪ್ಪತ್ತೆರಡು ವರ್ಷದ ಸಾಲುಗಳ ನಡುವೆ
ಅವನದೊಂದು ಟಿಪ್ಪಣಿ ಇನ್ನೂ ಕೂತಿದೆ:
"ಇದನ್ನು ಮುಟ್ಟಬೇಡಿ. ಹೇಗೆ ನಡೆಯುತ್ತದೋ ನನಗೂ ಗೊತ್ತಿಲ್ಲ."

ಮುಟ್ಟಿದೆ. ಕುಂಬಳೆಯ ಬಾಡಿಗೆ ಮನೆ, ರಾತ್ರಿ ಹನ್ನೊಂದು,
ಕರೆಂಟು ಎರಡು ಸಲ ಹೋಗಿ ಬಂದಿತ್ತು.
ಹೊಳೆಯಾಚೆ ಗೂಡ್ಸು ದಾಟುವಾಗ ಕಿಟಕಿ ಸಣ್ಣಗೆ ನಡುಗಿತು.
ಬಂಗುಡೆಗೆ ಉಪ್ಪು ಮೆಣಸು ಸವರುತ್ತಾ ಇವರು ಕೇಳಿದರು,
"ಇದಕ್ಕೆಲ್ಲ ಎಷ್ಟು ಕೊಡುತ್ತಾರೆ?"
ಸೊನ್ನೆ, ಎಂದೆ. ಯಾವ ಲೆಕ್ಕದಲ್ಲಿ ಎಣಿಸಿದರೂ
ಒಂದೇ ಮನೆ ಹಿಡಿಯುವ ಅಂಕೆ.

ನಾಲ್ಕು ರಾತ್ರಿ. ನಲವತ್ತೊಂದು ಸಾಲು ಅಳಿಸಿ ಹದಿನೆಂಟು ಬರೆದೆ.
ಪರೀಕ್ಷೆಗೆ ನಮ್ಮ ಹಾಜರಿ ಪುಸ್ತಕವನ್ನೇ ಕೂರಿಸಿದೆ:
ಐಸತ್ತ್ ಮಿಸ್ರಿಯಾ, ಕ್ರಾಸ್ತಾ, ಶ್ರೀಹರ್ಷ, ದುಗ್ಗಪ್ಪ.
ಯಾರೂ ಕದಲಲಿಲ್ಲ, ಅಸೆಂಬ್ಲಿಯಲ್ಲಿ ನಿಂತ ಹಾಗೆ.
ಹೊಸ ಆವೃತ್ತಿಯ ನಂಬರು ಕೊಟ್ಟು ಬಿಟ್ಟೆ.
ಬೆಳಿಗ್ಗೆ ಬಸ್ಸಿನ ಮಲಯಾಳ ಬೋರ್ಡು ಓದುವಾಗಲೂ
ತುಟಿಯಲ್ಲಿ ಅಕ್ಷರ ಎಣಿಸುತ್ತಿದ್ದೆ.

ಗುರುವಾರ ಚಿತ್ತಗಾಂಗಿನಿಂದ ಕಾಗದ.
ಹಡಗು ಒಡೆಯುವ ಅಂಗಳದ ಗುಮಾಸ್ತ, ಮೊಫಿಜುರ್ ಅಂತ.
"ಅಮ್ಮಾ, ನಿಮ್ಮ ತಪ್ಪಿಗೆ ನಾನು ಎಂಟು ವರ್ಷ ಒಗ್ಗಿದ್ದೆ.
ಎಲ್ಲಿ ಎಷ್ಟು ಜಾರುತ್ತದೆ ಅಂತ ಅಳೆದು
ಅಲ್ಲಿಗೇ ಕತ್ತರಿ ಹಾಕುವ ಸ್ಕ್ರಿಪ್ಟು ನನ್ನದು.
ಈಗ ನಿಮ್ಮ ಸರಿ ಬಂದು
ಮುನ್ನೂರು ಜನರ ಕೂಲಿಪಟ್ಟಿ ಕೆಡಿಸಿತು."

ಮುನ್ನೂರು. ನಮ್ಮ ಕ್ಲಾಸಿನಲ್ಲಿ ಇಪ್ಪತ್ತಾರು.
ಹೀಗೆ ತೂಗಬಾರದು ಅಂತ ಗೊತ್ತು, ತೂಗಿದೆ.

ಯಾನುಷ್‌ಗೆ ಬರೆಯಲು ಕೂತು, ಬರೆಯದೆ ಎದ್ದೆ.
ಹಳೆಯ ಎಣಿಕೆಯನ್ನು ಅದರ ಜಾಗಕ್ಕೇ ಮರಳಿಸಿದೆ.
ಸರಿ ಬೇಕಾದವರು ಒಂದು ಅಡ್ಡಗೆರೆ, ಒಂದು ಅಕ್ಷರ
ಜಾಸ್ತಿ ಒತ್ತಬೇಕು. ಕೈಪಿಡಿಯಲ್ಲಿ ಅದಕ್ಕೊಂದು ಸಾಲು.
ಟಿಪ್ಪಣಿಯ ಕೆಳಗೆ ನನ್ನದೂ ಸೇರಿಸಿದೆ:
"ಹೇಗೆ ನಡೆಯುತ್ತದೆ ಈಗ ಗೊತ್ತು. ಆದರೂ ಮುಟ್ಟಬೇಡಿ."
ಮೊಫಿಜುರ್ ಎರಡೇ ಪದ ಕಳಿಸಿದ: ಕೂಲಿ ಬಟವಾಡೆಯಾಯಿತು.

ಸೋಮವಾರ ಪ್ರೆಸಿಲ್ಲಾ ಅಡ್ಡಗೆರೆ ಒತ್ತಿದಳು, ಅಕ್ಷರ ಒತ್ತಿದಳು.
ಎಂಬತ್ತೊಂದು ಹೋಗಿ ಕಮಲನ ಅರುವತ್ತರ ಕೆಳಗೆ ನಿಂತಿತು.
ಪರದೆ ನೋಡಿದಳು, ಕೀಲಿಮಣೆ ನೋಡಿದಳು.
"ಹಾಗಾದರೆ ಟೀಚರ್,
ತಪ್ಪಿಗೆ ಏನೂ ಒತ್ತುವುದು ಬೇಡ,
ಸರಿಗೆ ಮಾತ್ರವಾ?"

ಬೆಲ್ಲು ಹೊಡೆಯಿತು. ಮಕ್ಕಳು ಚಪ್ಪಲಿ ಹುಡುಕಲು ಓಡಿದರು.
ಅವಳು ಕೇಳಿದ ಹಾಗೇ ದೋಷಗಳ ಪಟ್ಟಿಯಲ್ಲಿ ಬರೆದಿಟ್ಟೆ:
ಸಂಖ್ಯೆ ಇನ್ನೂರ ಹನ್ನೆರಡು.
ತೆರೆದೇ ಇದೆ.