ಒತ್ತು

ಸಂಜೆಯ ಕ್ಯಾನುಗಳು ಲಾರಿ ಹತ್ತಿದ ಮೇಲೆ
ಮದ್ದೂರಿನಾಚೆಯ ನಮ್ಮ ಮಹಿಳಾ ಡೇರಿಯಲ್ಲಿ ಉಳಿಯುವುದು
ತೊಳೆದ ನೆಲ, ತೂಕದ ಯಂತ್ರ, ನಾನು,
ಮತ್ತೆ ಒಂದು ತಿಂಗಳ ಫ್ಯಾಟು.

ಮೂವತ್ತು ದಿನ, ಹತ್ತೊಂಬತ್ತು ಹೆಂಗಸರು, ಎರಡು ಹೊತ್ತು.
ಅಷ್ಟನ್ನೂ ಕೋಡಿನೊಳಗೆ ಸುರಿದರೆ
ಗೆರೆ ಏಳುತ್ತದೆ,
ಹಸಿ ಜೋಳದ ಕಡ್ಡಿ ಮೇಯಿಸಿದ ವಾರ
ತುಸು ಬಾಗುತ್ತದೆ.

ಸೇವ್ ಅಂದೆ. ಪಿಎನ್‌ಜಿ ಹುಟ್ಟಿತು.
ಮೊದಲ ಸಲ ಹೆಸರಿದ್ದ ಕಡೆಯೆಲ್ಲ ಖಾಲಿ ಚೌಕಗಳು,
ಬಾಗಿಲಿಡಲು ಮರೆತ ಸಾಲುಮನೆಗಳ ಹಾಗೆ.
ಕನ್ನಡದ ಫಾಂಟು ತೋರಿಸಿಕೊಟ್ಟೆ.
ಆಮೇಲೆ ಅಂಚು ಅರ್ಧ ಹೆಸರು ನುಂಗಿತು; ಸಡಿಲಿಸಿದೆ.
ಮೂರನೆಯ ಸಲ ಎಲ್ಲರೂ ಬಂದರು,
ಒತ್ತು ಕಳಚಿಕೊಂಡು:
ಎಮ್‌ಮೆ. ಕೊಬ್‌ಬು. ಚಿಕ್‌ಕತಾಯಮ್‌ಮ.
ದೊಡ್ಡ ಮಕಾರದ ಮಡಿಲಲ್ಲಿದ್ದ ಪುಟ್ಟ ಮಕಾರ
ಇಳಿದು ಪಕ್ಕದಲ್ಲಿ ನಿಂತಿದೆ, ತಾನೂ ಅಷ್ಟೇ ಎತ್ತರ.
ಒಡೆಯದೆ ಉಳಿದವರು ಇಬ್ಬರೇ,
ಗೌರಿ ಮತ್ತು ನೂರ್‌ಜಾನ್.

ರಾತ್ರಿಯಾಗಿತ್ತು. ಅದನ್ನೇ ಪ್ರಿಂಟು ಹಾಕಿ
ಗೋಡೆಗೆ ಅಂಟಿಸಿ ಬಾಗಿಲೆಳೆದುಕೊಂಡೆ.

ಬೆಳಿಗ್ಗೆ ಚಿಕ್ಕತಾಯಮ್ಮ ಹಾಲು ಅಳೆದುಕೊಟ್ಟು
ಗೆರೆ ನೋಡಲಿಲ್ಲ, ಹೆಸರು ನೋಡಿದರು.
"ಇದ್ಯಾಕವ್ವ ನನ್ನೆಸ್ರು ಬಿರುಕು ಬುಟ್ಟದೆ?
ಸಂಘದ ಪುಸ್ತಕಕ್ಕೆ ಸೈನಾಕಕ್ಕೆ ಅಂತ
ಆರ್ ತಿಂಗ್ಳು ತಿದ್ದಿ ಕಲ್ತಿದ್ದು ಕಣವ್ವ ಈ ಒತ್ತ."
ರಿಜಿಸ್ಟರಿಗೆ ದಾರ ಕಟ್ಟಿದ ಪೆನ್ನು ಎಳೆದರು.
ದಾರ ಗೋಡೆಯ ತನಕ ಸಾಲಲಿಲ್ಲ;
ರಿಜಿಸ್ಟರನ್ನೇ ಕಂಕುಳಿಗೆ ಎತ್ತಿಕೊಂಡು ಹೋದರು.

ಆ ಮಧ್ಯಾಹ್ನ ಎಸ್‌ವಿಜಿ ಮಾಡಿದೆ.
ಸೇರಿಸಿದ್ದು ಒಂದೇ ಸಾಲು:
ಅಕ್ಷರವನ್ನು ಗೆರೆಯಾಗಿಸಬೇಡ,
ಅಕ್ಷರವಾಗಿಯೇ ಕಳಿಸು.
ವೆಬ್ ಪುಟಕ್ಕೆ ಹಾಕಿ ಎಲ್ಲರ ಫೋನಿಗೂ ಕಳಿಸಿದೆ.
ಈಗ ಅವರವರ ಫೋನೇ ಅವರವರ ಹೆಸರು ಕೂಡಿಸಿ ಬರೆಯುತ್ತದೆ,
ಎರಡು ಬೆರಳಲ್ಲಿ ಹಿಗ್ಗಿಸಿದರೂ ಗೆರೆ ಹರಿಯುವುದಿಲ್ಲ,
ಚುಕ್ಕಿ ಮುಟ್ಟಿದರೆ ಹೇಳುತ್ತದೆ,
ನಾಲ್ಕು ಪಾಯಿಂಟ್ ಎರಡು.

ಗೋಡೆಯ ಹಾಳೆ ಮಾತ್ರ ಬದಲಿಸಲಿಲ್ಲ.
ಅಲ್ಲಿ ಎರಡು ನೀಲಿ ಒತ್ತುಗಳಿವೆ, ಒಂದು ಕ, ಒಂದು ಮ.
ಮ ಕೊಂಚ ದೊಡ್ಡದಾಗಿ, ಬಾಲ ಎಳೆದುಕೊಂಡು
ಕೆಳಗಿನ ಹದಿನೇಳನೇ ತಾರೀಖಿನ ತನಕ ಇಳಿದಿದೆ.
ಟ್ಯಾಂಕರಿನ ಹೊಸ ಹುಡುಗ ಕೇಳುತ್ತಾನೆ,
ಆವತ್ತೊಂದಿನ ಏನ್ ತಿನ್ನಿಸಿದ್ರಿ ಮೇಡಂ,
ಫ್ಯಾಟು ಈ ಪಾಟಿ ಏರದೆ?